ಹಗೇವಿನ ಬಾಯಿ

ಯಲಬುರ್ಗಾ ತಾಲೂಕಿನ ನಮ್ಮ ಹಳ್ಳಿಯ ಮನೆಯ ಅಂಗಳದಲ್ಲಿ, ಗೋದಲಿಯ ಬಗಲಿಗೆ, ಒಂದು ಚಪ್ಪಡಿ ಕಲ್ಲಿದೆ. ಅದರ ಕೆಳಗೆ ಹಗೇವು. ಬಾಯಿ ಸಣ್ಣದು, ಒಬ್ಬ ಮನುಷ್ಯ ಮೈ ಮುದುಡಿಕೊಂಡು ಇಳಿಯುವಷ್ಟು. ಒಳಗೆ ಹೊಟ್ಟೆ ದೊಡ್ಡದು, ಎರಡಾಳು ಆಳ. ತಳಕ್ಕೂ ಬದಿಗೂ ಹೊಟ್ಟು ಹಾಸಿ, ಜೋಳ ಸುರಿದು, ಕಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆರೆದ ಕೂಡಲೇ ಇಳಿಯುವಂತಿಲ್ಲ. ಮೊದಲು ಕಂದೀಲನ್ನು ಹಗ್ಗಕ್ಕೆ ಕಟ್ಟಿ ಬಿಡಬೇಕು. ದೀಪ ಆರಿದರೆ ಒಳಗೆ ಉಸಿರಾಡುವ ಗಾಳಿ ಇಲ್ಲವೆಂದು ಅರ್ಥ. ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಕೊನೆಯ ಸಲ ಅದಕ್ಕೆ ಜೋಳ ಬಿದ್ದದ್ದು. ಆಮೇಲೆ ಅದು ಬರಿದೇ ಇದೆ.

ಮೂವತ್ತೆರಡು ವರ್ಷ ಸರಕಾರಿ ಹೈಸ್ಕೂಲುಗಳಲ್ಲಿ ಇತಿಹಾಸ ಕಲಿಸಿದೆ, ಕುಷ್ಟಗಿಯಲ್ಲಿ ಕೆಲವು ವರ್ಷ, ಗಂಗಾವತಿಯಲ್ಲಿ ಹೆಚ್ಚು. ಪ್ರತಿ ಸೆಪ್ಟೆಂಬರ್ 17ಕ್ಕೆ, ಹೈದರಾಬಾದ್ ವಿಮೋಚನೆಯ ದಿನ, ಧ್ವಜ ಏರಿಸಿ ಭಾಷಣ ಮಾಡುವುದು ನನ್ನ ಪಾಲಿಗೇ ಬರುತ್ತಿತ್ತು. ನಿಜಾಮ, ರಜಾಕಾರರು, ಸರದಾರ ಪಟೇಲರು, ಕೊನೆಗೆ ಪೆಪ್ಪರಮೆಂಟು. ಒಂದು ವರ್ಷ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸರ್, ಇದೆಲ್ಲಾ ಎಲ್ಲಿ ಆತ್ರಿ? ನೋಡಾಕ ಹೋಗೂಣೇನ್ರಿ?" ನನಗೆ ಉತ್ತರ ತೋಚಲಿಲ್ಲ. ಹಂಪಿ ತೋರಿಸಬಹುದು, ಇಟಗಿಯ ಮಹಾದೇವ ಗುಡಿ ತೋರಿಸಬಹುದು, ಗವಿಮಠದ ಗುಡ್ಡದ ಅಶೋಕನ ಶಾಸನ ತೋರಿಸಬಹುದು. ನಮ್ಮ ಅಜ್ಜಂದಿರು ಕಂಡ ಕತ್ತಲನ್ನು ಯಾವ ಜಾಗಕ್ಕೆ ಕರೆದೊಯ್ದು ತೋರಿಸಲಿ?

ಬರ್ಲಿನ್ನಿನಲ್ಲಿ ಹಿಟ್ಲರನ ಗುಪ್ತ ಪೊಲೀಸರ ಮುಖ್ಯ ಕಚೇರಿ ಇದ್ದ ಜಾಗವನ್ನು ಅಗೆದು, ಉಳಿದ ಗೋಡೆಗಳ ಪಕ್ಕದಲ್ಲಿಯೇ 1987ರಲ್ಲಿ ಪ್ರದರ್ಶನ ಇಟ್ಟರು, 2010ರಲ್ಲಿ ಅದಕ್ಕೊಂದು ಕಟ್ಟಡವೂ ಆಯಿತು. ಕಾಂಬೋಡಿಯದಲ್ಲಿ ಪೋಲ್ ಪಾಟ್‌ನ ಜನ ಚಿತ್ರಹಿಂಸೆ ಕೊಟ್ಟದ್ದು ಒಂದು ಹೈಸ್ಕೂಲಿನಲ್ಲಿ, ಅದೂ ಈಗ ಸಂಗ್ರಹಾಲಯ. ಮಾಸ್ತರನಾದ ನನಗೆ ಆ ಹೈಸ್ಕೂಲಿನ ಸುದ್ದಿ ಓದಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ನಮ್ಮಲ್ಲಿ ಅಂಥ ಒಂದು ಕಟ್ಟಡ ಇಲ್ಲ. ಇಲ್ಲಿಯ ದಬ್ಬಾಳಿಕೆ ನಡೆದದ್ದು ಚಾವಡಿಯಲ್ಲಿ, ನಾಕಾದಲ್ಲಿ, ಕಾಗದದಲ್ಲಿ. ಅವನ್ನು ಹುಡುಕಿಕೊಂಡೇ ಹೋಗಬೇಕು. ಮುಂದಿನ ವರ್ಷದಿಂದ ಹುಡುಗರನ್ನು ಕಟ್ಟಿಕೊಂಡು ಕೆಂಪು ಬಸ್ಸಿನಲ್ಲಿ ಹೊರಡತೊಡಗಿದೆ. ನಿವೃತ್ತನಾದ ಮೇಲೂ ಬಿಟ್ಟಿಲ್ಲ. ಈಗ ಹುಡುಗರ ಬದಲು ಅವರ ಮಕ್ಕಳು ಬರುತ್ತಾರೆ.

ಮೊದಲು ನಕಾಶೆ. ಹೈದರಾಬಾದ್ ಸಂಸ್ಥಾನಕ್ಕೆ 16 ಜಿಲ್ಲೆ. ಕನ್ನಡದವು ಮೂರು: ಬೀದರ, ಗುಲಬರ್ಗಾ, ರಾಯಚೂರು. ನಮ್ಮ ಆಗಿನ ನಾಲ್ಕೂ ತಾಲೂಕುಗಳು ರಾಯಚೂರಿನವು, ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಕುಷ್ಟಗಿ, ಗಂಗಾವತಿ ನೇರ ನಿಜಾಮ ಸರಕಾರದ ಕೈಯಲ್ಲಿ. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರು. ಅಂದರೆ ನಮ್ಮೂರ ರೈತನಿಗೆ ಒಡೆಯರು ಇಬ್ಬರು, ಹೈದರಾಬಾದಿನಲ್ಲಿ ನಿಜಾಮ, ಅವನ ಕೆಳಗೆ ಜಹಗೀರದಾರ. ಇಬ್ಬರನ್ನೂ ನಮ್ಮೂರಲ್ಲಿ ಯಾರೂ ಕಂಡವರಿಲ್ಲ. ಕಂಡದ್ದು ಕುಲಕರ್ಣಿಯನ್ನು, ಪಾಟೀಲನನ್ನು, ಅಮೀನ್ ಸಾಹೇಬನನ್ನು.

ಪಶ್ಚಿಮಕ್ಕೆ ಮುಂಡರಗಿ, ಗಜೇಂದ್ರಗಡ. ಅವು ಧಾರವಾಡ ಜಿಲ್ಲೆ, ಮುಂಬಯಿ ಪ್ರಾಂತ. ದಕ್ಷಿಣಕ್ಕೆ ಹೊಳೆ ದಾಟಿದರೆ ಹೊಸಪೇಟೆ, ಕಂಪ್ಲಿ. ಅವು ಬಳ್ಳಾರಿ ಜಿಲ್ಲೆ, ಮದ್ರಾಸ್ ಪ್ರಾಂತ. ಆ ಕಡೆಯವರು ನಮ್ಮ ಸೀಮೆಗೆ 'ಮೊಗಲಾಯಿ' ಎನ್ನುತ್ತಿದ್ದರು. ಹೆಣ್ಣು ಕೊಡುವಾಗ "ಮೊಗಲಾಯಾಗ ಕೊಡಬ್ಯಾಡ್ರಿ" ಎನ್ನುವ ಮಾತು ನನ್ನ ಎಳೆತನದವರೆಗೂ ಉಳಿದಿತ್ತು. ರೊಕ್ಕವೂ ಬೇರೆ. ನಮ್ಮದು ಹಾಲಿ, ಅವರದು ಕಲದಾರ. ಏಳು ಹಾಲಿ ಕೊಟ್ಟರೆ ಆರು ಕಲದಾರ. ಗದಗಿನ ಪೇಟೆಗೆ ಹತ್ತಿ ಹೇರಿಕೊಂಡು ಹೊರಟ ಗಾಡಿ ಗಡಿಯ ಕರೋಡಗಿರಿ ನಾಕಾದಲ್ಲಿ ನಿಲ್ಲಬೇಕು, ಸುಂಕ ಕಟ್ಟಬೇಕು, ಚೀಟಿ ಬರೆಸಬೇಕು. ಚೀಟಿ ಉರ್ದುವಿನಲ್ಲಿ. ಏನು ಬರೆದಿದ್ದಾನೆ ಎಂದು ಓದಬಲ್ಲ ರೈತ ನೂರಕ್ಕೊಬ್ಬನೂ ಇರಲಿಲ್ಲ.

ಅಂಥ ಒಂದು ನಾಕಾ ಇತ್ತೆಂದು ಹಿರಿಯರು ತೋರಿಸಿದ ಜಾಗಕ್ಕೆ ಹುಡುಗರನ್ನು ಕರೆದುಕೊಂಡು ಹೋದೆ. ಬೇವಿನ ಗಿಡ, ಪಂಕ್ಚರ್ ಅಂಗಡಿ, ಚಹಾದ ಡಬ್ಬಿ. "ಏನೂ ಇಲ್ಲಲ್ರಿ ಸರ್" ಎಂದ ಒಬ್ಬ. ಇಲ್ಲ ನಿಜ. ಅವನ ಕೈಯಲ್ಲಿ ಒಂದು ಉರ್ದು ಕಾಗದದ ಜೆರಾಕ್ಸ್ ಇಟ್ಟು, "ಇದರಾಗ ನಿಮ್ಮ ಹೊಲ ಯಾರ ಹೆಸರಲೆ ಐತಿ ಹೇಳು ನೋಡೂಣು" ಎಂದೆ. ಹುಡುಗ ಕಾಗದವನ್ನು ಮೇಲೆ ಕೆಳಗೆ ತಿರುವಿದ, ನಕ್ಕ, ಆಮೇಲೆ ನಗು ನಿಲ್ಲಿಸಿದ. ಆ ದಿನದ ಪಾಠ ಅಷ್ಟೇ.

ಉರ್ದುವಿನ ಮೇಲೆ ನನಗೆ ಸಿಟ್ಟಿಲ್ಲ, ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಿವೃತ್ತಿಯ ಮೇಲೆ ಅದನ್ನು ಕಲಿತೆ, ಹಳೆಯ ಕಾಗದ ಓದಲೆಂದೇ. ಸಿಹಿಯಾದ ಭಾಷೆ. ಆದರೆ ಜನರ ಭಾಷೆಯಲ್ಲಿ ಮಾತಾಡದ ಸರಕಾರ ಜನರಿಂದ ಏನನ್ನು ಬೇಕಾದರೂ ಮುಚ್ಚಿಡಬಲ್ಲದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಟ್ಟಿತೆಂದು ಹೊಗಳುತ್ತಾರೆ, ಹೊಗಳಬೇಕಾದ್ದೇ. ಆ ಭಾಷೆ ನಮ್ಮದಾಗಿರಲಿಲ್ಲ ಎಂಬುದನ್ನೂ ಸೇರಿಸಬೇಕು. ಇನ್ನು 'ಗಸ್ತಿ ನಿಶಾನ್ 53' ಎಂಬ ಸುತ್ತೋಲೆ. ಅಪ್ಪಣೆ ಇಲ್ಲದೆ ಸಭೆ ಸೇರುವಂತಿಲ್ಲ. ಸರ್ವಾಧಿಕಾರ ಎಂದರೆ ಹುಡುಗರು ಬಂದೂಕು ನೆನೆಯುತ್ತಾರೆ. ನಾನು ಮೊದಲು ಈ ಸುತ್ತೋಲೆಯ ನಂಬರು ಹೇಳುತ್ತೇನೆ. ಬಂದೂಕು ಬರುವ ಎಷ್ಟೋ ವರ್ಷ ಮೊದಲೇ ನಂಬರು ಬಂದಿತ್ತು. ಕುಕನೂರಿನಲ್ಲಿ 1922ರಲ್ಲಿ ಹುಟ್ಟಿದ ವಿದ್ಯಾನಂದ ಗುರುಕುಲದ ಅಂಗಳದಲ್ಲಿ ಹುಡುಗರನ್ನು ಕೂಡಿಸಿ ಈ ಮಾತು ಹೇಳುವುದು ನನ್ನ ರೂಢಿ. ಒಂದು ಕನ್ನಡ ಶಾಲೆ ನಡೆಸುವುದೇ ಧೈರ್ಯದ ಕೆಲಸವಾಗಿದ್ದ ಕಾಲ ಅದು.

ಕೊಪ್ಪಳದ ಕೋಟೆಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಅದರ ಬಗ್ಗೆ ಹೇಳುವವರು ಬಹಳ ಮಂದಿ ಇದ್ದಾರೆ. ಟಿಪ್ಪು ಅದನ್ನು ಫ್ರೆಂಚ್ ಎಂಜಿನಿಯರರಿಂದ ಗಟ್ಟಿ ಮಾಡಿಸಿದ. 1790-91ರಲ್ಲಿ ಇಂಗ್ಲಿಷರೂ ನಿಜಾಮನೂ ಕೂಡಿ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಗೆದ್ದರು. 1858ರ ಜೂನ್ 1ರಂದು ಮುಂಡರಗಿ ಭೀಮರಾಯ ಅಲ್ಲಿಯೇ ಇಂಗ್ಲಿಷರ ವಿರುದ್ಧ ಹೋರಾಡುತ್ತ ಸತ್ತ, ಜತೆಗೆ ಹಮ್ಮಿಗೆಯ ಕೆಂಚನಗೌಡ. ಆಗ ಹೈದರಾಬಾದಿನ ದಿವಾನ ನಮ್ಮ ಜಹಗೀರದಾರ ಮನೆತನದ ಒಂದನೆಯ ಸಾಲಾರ್ ಜಂಗ್. 1857ರಲ್ಲಿ ಹೈದರಾಬಾದನ್ನು ಇಂಗ್ಲಿಷರ ಪಕ್ಷದಲ್ಲಿ ಗಟ್ಟಿಯಾಗಿ ಹಿಡಿದು ನಿಲ್ಲಿಸಿದವನು ಅವನೇ.

ಅಂದ ಮೇಲೆ ನಮ್ಮ ಜಿಲ್ಲೆಯ ಒಂದು ಮುಖ್ಯ ಸ್ಥಳ ಜಿಲ್ಲೆಯಲ್ಲಿಲ್ಲ, ಹೈದರಾಬಾದಿನಲ್ಲಿದೆ. ಸಾಲಾರ್ ಜಂಗ್ ಮ್ಯೂಜಿಯಂ. ಶಾಲೆಯ ಪ್ರವಾಸಕ್ಕೆ ಹೋದವರೆಲ್ಲ ನೋಡಿದ್ದೀರಿ. ಗಂಟೆ ಹೊಡೆಯುವ ಗೊಂಬೆ ಗಡಿಯಾರದ ಮುಂದೆ ಜನ ತುಳುಕುತ್ತಿರುತ್ತದೆ. ಮುಸುಕು ಹೊದ್ದ ರೆಬೆಕಾಳ ಅಮೃತಶಿಲೆಯ ಮೂರ್ತಿ ಇದೆ, ಒಂದನೆಯ ಸಾಲಾರ್ ಜಂಗ್ 1876ರಲ್ಲಿ ರೋಮಿನಲ್ಲಿ ಕೊಂಡದ್ದು. ಕಲ್ಲಿನಲ್ಲಿ ತೆಳು ಬಟ್ಟೆ ಕಂಡ ಹಾಗೆ ಕಾಣುತ್ತದೆ. 1876, 77 ನಮ್ಮ ಕಡೆಯ ದೊಡ್ಡ ಬರಗಾಲ. ಮೂರ್ತಿಯ ಬೆಲೆಗೂ ನಮ್ಮ ಹೊಲದ ಪಟ್ಟಿಗೂ ನೇರ ಸಂಬಂಧ ತೋರಿಸುವ ಲೆಕ್ಕದ ಪುಸ್ತಕ ನನ್ನ ಕೈಯಲ್ಲಿಲ್ಲ. ಆದರೂ ಅದರ ಮುಂದೆ ನಿಂತಾಗೆಲ್ಲ ಜೋಳದ ಚೀಲ ಎಣಿಸುತ್ತೇನೆ. ಜಹಗೀರುಗಳು ರದ್ದಾದದ್ದು 1949ರಲ್ಲಿ, ಮ್ಯೂಜಿಯಂ ತೆರೆದದ್ದು 1951ರಲ್ಲಿ.

ರಜಾಕಾರರ ಮಾತಿಗೆ ಬರೋಣ. 1947ರ ಜೂನ್ 11ರಂದು ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ತನ್ನ ಸಂಸ್ಥಾನ ಯಾವ ಒಕ್ಕೂಟಕ್ಕೂ ಸೇರದೆ ಸ್ವತಂತ್ರವಾಗಿ ಉಳಿಯುತ್ತದೆಂದು ಫರ್ಮಾನು ಹೊರಡಿಸಿದ. ಆಗಸ್ಟ್ 15ರಂದು ದಿಲ್ಲಿಯಲ್ಲಿ ಬಾವುಟ ಹಾರುವಾಗ ಹೈದರಾಬಾದಿನಲ್ಲಿ ನಿಜಾಮನ ವಿರುದ್ಧದ ಹೋರಾಟದ ಮುಂದಾಳು ಸ್ವಾಮಿ ರಮಾನಂದ ತೀರ್ಥರನ್ನು ಹಿಡಿದು ಜೈಲಿಗೆ ಹಾಕಲಾಗಿತ್ತು. ಲಾತೂರಿನ ವಕೀಲ ಕಾಸಿಂ ರಜವಿ ಇತ್ತೇಹಾದುಲ್ ಮುಸ್ಲಿಮೀನ್ ಸಂಘಟನೆಯ ಮುಂದಾಳಾಗಿ ರಜಾಕಾರರೆಂಬ ಖಾಸಗಿ ಪಡೆ ಬೆಳೆಸಿದ. ನವೆಂಬರ್ 29ರಂದು ಭಾರತದೊಂದಿಗೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಆ ಒಪ್ಪಂದದ ನೆರಳಿನಲ್ಲಿಯೇ ಹಳ್ಳಿಗಳ ಲೂಟಿ ಹೆಚ್ಚಿದ್ದು. ಬೀದರ ಜಿಲ್ಲೆಯ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಕಗ್ಗೊಲೆಯನ್ನು ನಮ್ಮ ಕಡೆಯ ಜಲಿಯನ್‌ವಾಲಾ ಬಾಗ್ ಎನ್ನುತ್ತಾರೆ. ಅಲ್ಲಿ ಸ್ಮಾರಕವಿದೆ, ಹೋಗಿ ನೋಡಬೇಕು.

ನಮ್ಮ ಕಡೆ ಜನ ಮಾಡಿದ್ದು ಗಡಿ ದಾಟುವುದು. ಗಂಗಾವತಿ, ಆನೆಗುಂದಿಯವರಿಗೆ ಹೊಳೆಯ ದಾರಿ. ರಾತ್ರಿ ಹರಗೋಲು. ಅದೇ ಆನೆಗುಂದಿಯ ದಡದಲ್ಲಿ ಪ್ರವಾಸಿಗರನ್ನು ಗರಗರ ತಿರುಗಿಸಿ ನಗಿಸುತ್ತಿದ್ದ ಅಂಬಿಗರೊಬ್ಬರು ತಮ್ಮ ಅಪ್ಪನಿಂದ ಕೇಳಿದ್ದನ್ನು ನನಗೆ ಹೇಳಿದ್ದರು: "ಕೂಸು ಅತ್ತರ ಬಾಯಾಗ ಅರಿವಿ ತುರುಕತಿದ್ರಂತರಿ. ಹುಟ್ಟು ನೀರಾಗ ಸಪ್ಪಳ ಆಗದಂಗ ಹಾಕಬೇಕಿತ್ತಂತ." ಹುಟ್ಟನ್ನು ಸಪ್ಪಳವಿಲ್ಲದೆ ಹಾಕಿ ತೋರಿಸಿದರು ಕೂಡ. ನೀರು ಸರಿದದ್ದು ತಿಳಿಯಲಿಲ್ಲ.

ಕೊಪ್ಪಳದವರಿಗೆ ಅಳವಂಡಿಯ ದಾರಿ. ನನ್ನ ಪ್ರವಾಸದ ಮುಖ್ಯ ಭಾಗ ಇದೇ. ಕೊಪ್ಪಳದಿಂದ ಅಳವಂಡಿ, ಅಲ್ಲಿಂದ ಮುಂಡರಗಿ. ಈಗ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಒಂದು ನಿದ್ದೆ ತೆಗೆಯುವುದರೊಳಗೆ ಮುಗಿಯುತ್ತದೆ. ಎರಡೂ ಬದಿ ಎರೆಹೊಲ, ಬಯಲು, ಮರೆಯಾಗಲು ಒಂದು ಗುಡ್ಡವೂ ಇಲ್ಲ. ಇಂಥ ಬಯಲಿನಲ್ಲಿ ರಾತ್ರಿ ನಡೆದು ಗಡಿ ದಾಟಿ ಮುಂಡರಗಿಯ ಶಿಬಿರ ಸೇರುತ್ತಿದ್ದರು. ಶಿಬಿರದ ಮುಂದಾಳು ಅಳವಂಡಿಯ ಶಿವಮೂರ್ತಿಸ್ವಾಮಿಗಳು. ಅತ್ತ ಕುಷ್ಟಗಿಯವರಿಗೆ ಗಜೇಂದ್ರಗಡದ ಶಿಬಿರ, ಅಲ್ಲಿ ಪುಂಡಲೀಕಪ್ಪ ಜ್ಞಾನಮೋಟೆ. ಶಿಬಿರವೆಂದರೆ ನಿರಾಶ್ರಿತರಿಗೆ ಗಂಜಿ ಹಾಕುವ ಜಾಗ ಮಾತ್ರವಲ್ಲ. ಹುಡುಗರು ಬಂದೂಕು ಹಿಡಿಯುವುದನ್ನು ಕಲಿತು, ಗಡಿ ದಾಟಿ ಬಂದು ನಾಕಾ ಸುಡುತ್ತಿದ್ದರು, ಚಾವಡಿಯ ದಫ್ತರ ಸುಡುತ್ತಿದ್ದರು, ಸರಕಾರಕ್ಕೆ ಅಬಕಾರಿ ಹಣ ತರುವ ಸಿಂದಿ ಗಿಡ ಕಡಿಯುತ್ತಿದ್ದರು. ಹಳೆಯ ಕಾಗದಕ್ಕಾಗಿ ಪರದಾಡುವ ನನ್ನಂಥವನಿಗೆ ದಫ್ತರ ಸುಟ್ಟ ಸುದ್ದಿ ಕೇಳಿದರೆ ಹೊಟ್ಟೆ ಉರಿಯುತ್ತದೆ. ಆದರೆ ಆ ದಫ್ತರದಲ್ಲಿ ಲೆವಿ ಬಾಕಿಯ ಲೆಕ್ಕವಿತ್ತು. ನಾನು ಅಂದಿನ ರೈತನಾಗಿದ್ದರೆ ಮೊದಲ ಕಡ್ಡಿ ನಾನೇ ಗೀರುತ್ತಿದ್ದೆನೇನೋ.

ಶಿವಮೂರ್ತಿಸ್ವಾಮಿಗಳು 1952ರ ಮೊದಲ ಲೋಕಸಭೆ ಚುನಾವಣೆಯಲ್ಲಿ ಕುಷ್ಟಗಿ ಕ್ಷೇತ್ರದಿಂದ ಪಕ್ಷೇತರರಾಗಿ ಗೆದ್ದರು, 1962ರಲ್ಲಿ ಕೊಪ್ಪಳದಿಂದ ಮತ್ತೆ ಗೆದ್ದರು. ಕುಷ್ಟಗಿ ಒಂದು ಕಾಲಕ್ಕೆ ಲೋಕಸಭಾ ಕ್ಷೇತ್ರವಾಗಿತ್ತೆಂದರೆ ಕುಷ್ಟಗಿಯ ಹುಡುಗರೇ ನಂಬುವುದಿಲ್ಲ.

ಲೆವಿ ಎಂದೆ. ಯುದ್ಧಕಾಲದಲ್ಲಿ ಶುರುವಾದದ್ದು. ಬೆಳೆಯಲ್ಲಿ ಇಂತಿಷ್ಟು ಧಾನ್ಯವನ್ನು ಸರಕಾರ ಹೇಳಿದ ಬೆಲೆಗೆ ಕೊಡಲೇಬೇಕು. ಅಳೆದುಕೊಂಡು ಹೋಗಲು ಹೈದರಾಬಾದಿನಿಂದ ಯಾರೂ ಬರುತ್ತಿರಲಿಲ್ಲ. ನಮ್ಮೂರ ವತನದಾರರೇ, ಅಂದರೆ ಪಾಟೀಲ ಕುಲಕರ್ಣಿಗಳೇ, ಅಳೆದದ್ದು, ಅವರಲ್ಲಿ ನನ್ನ ಮುತ್ತಜ್ಜನ ಬೀಗರೂ ಇದ್ದರು. ಭಾಷಣಗಳಲ್ಲಿ ಈ ಮಾತು ಬರುವುದಿಲ್ಲ. ನಿಜಾಮನ ಆಳ್ವಿಕೆ ಮುಸ್ಲಿಮರು ಹಿಂದೂಗಳ ಮೇಲೆ ನಡೆಸಿದ್ದು ಎಂದು ಒಂದೇ ಸಾಲಿನಲ್ಲಿ ಹೇಳಿದರೆ ವತನದಾರರಿಗೆ ಅನುಕೂಲ. ಅತ್ತ ರಜಾಕಾರರನ್ನು ಬರೆದು ಬರೆದು ಎದುರಿಸಿ, 1948ರ ಆಗಸ್ಟಿನಲ್ಲಿ ಹೈದರಾಬಾದಿನ ಬೀದಿಯಲ್ಲಿ ಕೊಲೆಯಾದ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್ ಮುಸ್ಲಿಮನೇ.

ನಮ್ಮ ಆಯಿ ಹಗೇವಿನ ಕತೆ ಹೇಳುವಾಗ ಕೈ ಬೀಸಿ ಬೀಸಿ ಹೇಳುತ್ತಿದ್ದಳು. ಲೆವಿಯವರು ಬರುತ್ತಾರೆಂದು ತಳವಾರ ಮೊದಲೇ ಬಂದು ಕಿವಿಯಲ್ಲಿ ಹೇಳಿದನಂತೆ. ರಾತ್ರೋರಾತ್ರಿ ಜೋಳ ಹಗೇವಿಗೆ ಇಳಿಸಿ, ಮೇಲೆ ಮಣ್ಣು ಮೆತ್ತಿ, ಅದರ ಮೇಲೆ ಸಗಣಿ ಸಾರಿಸಿ, ಎಮ್ಮೆ ತಂದು ಕಟ್ಟಿದರಂತೆ. ಬಂದವರು ಕಬ್ಬಿಣದ ಸಳಿ ನೆಲಕ್ಕೆ ಚುಚ್ಚಿ ನೋಡುತ್ತ ಅಂಗಳವೆಲ್ಲ ತಿರುಗಿದರು. ಎಮ್ಮೆ ಹಾಯಲು ಬಂತೆಂದು ಆ ಮೂಲೆ ಬಿಟ್ಟರು. "ಆ ಎಮ್ಮಿಗೆ ಆ ವರ್ಷ ದೀಪಾವಳಿಗೆ ಹೋಳಿಗಿ ತಿನಿಸೀನಿ" ಎನ್ನುತ್ತಿದ್ದಳು. ಸಂಕ್ರಮಣಕ್ಕೆ ಬಂದವರಿಗೆ, ತೊಟ್ಟಿಲ ಕಾರ್ಯಕ್ಕೆ ಬಂದವರಿಗೆ, ಎಲ್ಲರಿಗೂ ಹೇಳುತ್ತಿದ್ದಳು.

ಎರಡನೆಯ ಕತೆಯನ್ನು ಒಂದೇ ಸಲ ಹೇಳಿದಳು, ಅದೂ ನಾನು ಮಾಸ್ತರನಾದ ಮೇಲೆ.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ನಾಲ್ಕೂ ಕಡೆಯಿಂದ ಒಳಬಂತು. ನಮ್ಮ ಕಡೆ ಹೊಸಪೇಟೆಯಿಂದ ಬಂದು ಮೊದಲ ದಿನವೇ ತುಂಗಭದ್ರೆಯ ಸೇತುವೆ ಹಿಡಿಯಿತು. ಮುನಿರಾಬಾದಿಗೆ ಹೋದಾಗ ಹುಡುಗರು ಡ್ಯಾಮಿನ ನೀರು ನೋಡುತ್ತಾರೆ, ನಾನು ಸೇತುವೆಯ ಕಡೆ ಮುಖ ಮಾಡಿಸುತ್ತೇನೆ. ಆ ಅಣೆಕಟ್ಟಿಗೆ 1945ರ ಫೆಬ್ರುವರಿ 28ರಂದು ಎರಡು ದಡದಲ್ಲಿ ಎರಡು ಸರಕಾರಗಳು ಕಲ್ಲಿಟ್ಟಿದ್ದವು. ನೀರು ನಿಂತದ್ದು 1953ರಲ್ಲಿ, ಅಷ್ಟರಲ್ಲಿ ನಿಜಾಮನ ಸರಕಾರವೂ ಬ್ರಿಟಿಷರ ಸರಕಾರವೂ ಇರಲಿಲ್ಲ. ಸೆಪ್ಟೆಂಬರ್ 17ಕ್ಕೆ ನಿಜಾಮ ಶರಣಾದ. ಐದು ದಿನ.

ಆರನೆಯ ದಿನದಿಂದ ಏನಾಯಿತೆಂದು ನನ್ನ ಪಠ್ಯಪುಸ್ತಕಗಳಲ್ಲಿ ಇರಲಿಲ್ಲ. ನೆಹರೂ ಸರಕಾರವೇ ಪಂಡಿತ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್ ಮೊದಲಾದವರನ್ನು ಆ ವರ್ಷದ ಕೊನೆಗೆ ಸಂಸ್ಥಾನ ಸುತ್ತಿ ಬರಲು ಕಳಿಸಿತು. ಕಾರ್ಯಾಚರಣೆಯ ವೇಳೆ ಮತ್ತು ಅದರ ನಂತರ 27 ಸಾವಿರದಿಂದ 40 ಸಾವಿರ ಜನ ಸತ್ತರೆಂದು ಅವರು ಅಂದಾಜು ಮಾಡಿದರು. ಬಹುತೇಕ ಎಲ್ಲರೂ ಮುಸ್ಲಿಮರು. ಅತಿ ಹೆಚ್ಚು ಕೆಟ್ಟದ್ದು ನಡೆದ ನಾಲ್ಕು ಜಿಲ್ಲೆ ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡ. ಆ ವರದಿಯನ್ನು ಸರಕಾರ ದಶಕಗಟ್ಟಲೆ ಪ್ರಕಟಿಸಲಿಲ್ಲ. ನಮ್ಮ ರಾಯಚೂರು ಆ ನಾಲ್ಕರಲ್ಲಿ ಇಲ್ಲ ಎಂದು ನಾನು ಒಂದು ಕಾಲಕ್ಕೆ ಸಮಾಧಾನಪಟ್ಟುಕೊಂಡಿದ್ದೆ.

ಆಯಿ ಹೇಳಿದ್ದು ಇಷ್ಟು. ನಮ್ಮ ಓಣಿಯ ಹಿಂದೆ ಪಿಂಜಾರರ ಮನೆ. ಹತ್ತಿ ಹಿಂಜಿ ಗಾದಿ ಹೊಲಿಯುವವರು, ಮನೆಮಾತು ಕನ್ನಡ, ಅಲಾಯಿ ಹಬ್ಬಕ್ಕೆ ನಮ್ಮ ಮನೆಯಿಂದಲೇ ಅವರಿಗೆ ಬೆಲ್ಲ ಹೋಗುತ್ತಿತ್ತು. ಆ ಮನೆಯವರಾರೂ ರಜಾಕಾರರಲ್ಲ. ಸೇನೆ ಬಂದ ವಾರದಲ್ಲಿ ಬೇರೆ ಊರ ಗುಂಪೊಂದು ಬರುತ್ತದೆಂದು ಸುದ್ದಿ ಬಂತು. ಅಜ್ಜ ಹಗೇವಿನ ಕಲ್ಲು ಸರಿಸಿ, ಕಂದೀಲು ಬಿಟ್ಟು ನೋಡಿ, ಗಂಡ ಹೆಂಡತಿ ಎರಡು ಮಕ್ಕಳನ್ನು ಒಳಗಿಳಿಸಿದ. ಗಾಳಿ ಆಡಲೆಂದು ಕಲ್ಲನ್ನು ಪೂರ್ತಿ ಮುಚ್ಚುವಂತಿರಲಿಲ್ಲ, ಸಂದಿನ ಮೇಲೆ ಹುಲ್ಲಿನ ಹೊರೆ ಒಗೆದರು. ಎಮ್ಮೆಯನ್ನು ಮತ್ತೆ ಅಲ್ಲಿಯೇ ಕಟ್ಟಿದರು. ಗುಂಪು ಬಂತು, ಅವರ ಮನೆ ಸುಟ್ಟಿತು, ಹೋಯಿತು. "ಬಂದವರೊಳಗ ನಮ್ಮ ಊರವರೂ ಇದ್ರು" ಎಂದಳು ಆಯಿ. ಹೆಸರು ಹೇಳಲಿಲ್ಲ. ನಾನೂ ಕೇಳಲಿಲ್ಲ, ಕೇಳಬೇಕಿತ್ತು.

ಪಿಂಜಾರರ ಆ ಸಣ್ಣ ಮಗ ಮುದುಕನಾಗಿ ಗಂಗಾವತಿಯಲ್ಲಿದ್ದಾಗ ಅವರನ್ನು ಕಂಡು ಕೇಳಿದೆ. "ಹಗೇವು ಅಲ್ಲೋ ತಮ್ಮಾ, ಕಣದಾಗಿನ ಬಣವಿ. ಎರಡು ರಾತ್ರಿ ಇದ್ವಿ. ನಿಮ್ಮ ಆಯಿ ರೊಟ್ಟಿ ತಂದು ಕೊಡತಿದ್ಲು" ಎಂದರು. ಯಾರದು ಸರಿ? ಐದು ವರ್ಷದ ಹುಡುಗನ ನೆನಪೋ, ಮೂವತ್ತೆಂಟು ವರ್ಷದ ಹೆಂಗಸಿನ ನೆನಪೋ? ನಾನು ಎರಡನ್ನೂ ವಹಿಯಲ್ಲಿ ಬರೆದಿಟ್ಟಿದ್ದೇನೆ. ಎರಡರಲ್ಲಿಯೂ ಮನೆ ಸುಟ್ಟಿದೆ. ಅವರು ಅದನ್ನು ಮತ್ತೆ ಕಟ್ಟಲಿಲ್ಲ. ಆ ಜಾಗದಲ್ಲಿ ಈಗ ನಮ್ಮೂರ ಹಾಲಿನ ಡೇರಿ ಇದೆ.

ದೊಡ್ಡವರಿಗೆ ಹೆಚ್ಚೇನೂ ಆಗಲಿಲ್ಲ. ನಿಜಾಮ 1950ರಿಂದ 1956ರವರೆಗೆ ಅದೇ ಹೈದರಾಬಾದಿನ ರಾಜಪ್ರಮುಖನಾಗಿದ್ದ, ವರ್ಷಕ್ಕೆ 50 ಲಕ್ಷ ರೂಪಾಯಿ ರಾಜಧನ. ಕಾಸಿಂ ರಜವಿ ಶಿಕ್ಷೆ ಮುಗಿಸಿ 1957ರಲ್ಲಿ ಪಾಕಿಸ್ತಾನಕ್ಕೆ ಹೋದ. ನಮ್ಮ ವತನದಾರರು ಖಾದಿ ಟೊಪ್ಪಿಗೆ ಹಾಕಿಕೊಂಡರು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕವಾಯಿತು, ಹೆಸರು ಚೆನ್ನಾಗಿದೆ.

ಈಗ ಪ್ರವಾಸದ ಕೊನೆಗೆ ಹುಡುಗರನ್ನು ನಮ್ಮ ಮನೆಗೇ ಕರೆತರುತ್ತೇನೆ. ಇಬ್ಬರು ಗಟ್ಟಿ ಹುಡುಗರು ಚಪ್ಪಡಿ ಸರಿಸುತ್ತಾರೆ. ಕಂದೀಲು ಬಿಡುತ್ತೇವೆ, ಮೊಬೈಲ್ ಟಾರ್ಚು ಬೇಡ, ಗಾಳಿ ಇಲ್ಲದಿದ್ದರೂ ಅದು ಆರುವುದಿಲ್ಲ. ಎರಡೂ ಕತೆ ಹೇಳುತ್ತೇನೆ, ಬಣವೆಯ ಮಾತನ್ನೂ ಸೇರಿಸಿ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಓದುಗರಲ್ಲಿ ಒಂದು ಕೋರಿಕೆ. ಹೊಸ ಮನೆ ಕಟ್ಟುವಾಗ ಅಂಗಳದ ಹಗೇವನ್ನು ಜೆಸಿಬಿ ಹಚ್ಚಿ ಮುಚ್ಚುವ ಮೊದಲು ಅದರ ಒಂದು ಫೋಟೊ ತೆಗೆಯಿರಿ, ಆಳ ಅಗಲ ಬರೆದಿಡಿ, ಮನೆಯ ಹಿರಿಯರನ್ನು ಅದರ ಬಾಯಿಯ ಹತ್ತಿರ ಕೂಡಿಸಿ ಮಾತಾಡಿಸಿರಿ. ಟ್ರಂಕಿನಲ್ಲಿ ಉರ್ದು ಕಾಗದ ಸಿಕ್ಕರೆ ರದ್ದಿಗೆ ಹಾಕಬೇಡಿರಿ. ಅದನ್ನು ಓದಬಲ್ಲ ಮುದುಕರು ಪ್ರತಿ ಊರಿನ ಮಸೀದಿಯ ಕಟ್ಟೆಯ ಮೇಲೆ ಇನ್ನೂ ಒಬ್ಬಿಬ್ಬರಾದರೂ ಸಿಗುತ್ತಾರೆ. ಹೋಗಿ ಓದಿಸಿಕೊಳ್ಳಿರಿ.